ಓಡುತ್ತಿದ್ದ ಪ್ರೋಗ್ರಾಂ ನಿಲ್ಲಿಸುವ ನಿಯಮ ಸರಿಯೇ?

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಕಿರುಪರೀಕ್ಷೆಗಳ ಅಂಕ ಕೂಡಿಸಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿ ಪೈಥಾನ್ 2ರಲ್ಲಿ ಬರೆದ ಪ್ರೋಗ್ರಾಂ ಒಂದಿದೆ. ಹೊಸ ಆವೃತ್ತಿ ಪೈಥಾನ್ 3ರಲ್ಲಿ ಓಡಿಸಿದರೆ, ಫಲಿತಾಂಶ ತೋರಿಸುವ ‘ಪ್ರಿಂಟ್’ ಆದೇಶದ ಮುಂದೆ ಆವರಣವಿಲ್ಲ ಎಂದು ನಿಲ್ಲುತ್ತದೆ. ಅದನ್ನು ಸರಿಪಡಿಸಿದರೆ ಟ್ಯಾಬ್, ಸ್ಪೇಸ್ ಬೆರೆತಿವೆ ಎನ್ನುತ್ತದೆ. ವರ್ಷಗಟ್ಟಲೆ ನಡೆದುಬಂದದ್ದನ್ನು ಭಾಷೆಯೇ ತಪ್ಪೆನ್ನುವುದು ನ್ಯಾಯವೇ?
– ಒಬ್ಬ ಉಪನ್ಯಾಸಕಿ

ಉತ್ತರ: ನಿಮ್ಮ ಎರಡು ದೂರುಗಳ ತೂಕ ಒಂದೇ ಅಲ್ಲ. ಟ್ಯಾಬ್ ವಿಷಯದಲ್ಲಿ ನಾನು ಪೂರ್ತಿಯಾಗಿ ಹೊಸ ನಿಯಮದ ಪರ. ಪೈಥಾನ್‌ನಲ್ಲಿ ಒಂದು ಸಾಲು ಲೂಪಿನ (ಮತ್ತೆ ಮತ್ತೆ ನಡೆಯುವ ಭಾಗದ) ಒಳಗಿದೆಯೋ ಹೊರಗಿದೆಯೋ ಎಂಬುದನ್ನು ಅದರ ಎಡಬದಿಯ ಖಾಲಿ ಜಾಗವೇ ತೀರ್ಮಾನಿಸುತ್ತದೆ. ಫಂಕ್ಷನ್‌ನೊಳಗೆ (ಒಂದು ಹೆಸರಿನಡಿ ಬರೆದ ಪ್ರೋಗ್ರಾಂ ತುಣುಕಿನೊಳಗೆ) ನಾಲ್ಕು ಸ್ಪೇಸ್ ಬಿಟ್ಟು ಲೂಪ್ ಆರಂಭಿಸಿ, ಒಂದೊಂದು ಪರೀಕ್ಷೆಯ ಅಂಕ ಕೂಡಿಸುವ ಸಾಲನ್ನು ಎಂಟು ಸ್ಪೇಸ್ ಬಿಟ್ಟು ಬರೆದು, ಕೊನೆಗೊಮ್ಮೆ ಐದು ಕೃಪಾಂಕ ಸೇರಿಸುವ ಸಾಲಿಗೆ ಮಾತ್ರ ಒಂದು ಟ್ಯಾಬ್ ಒತ್ತಿದ್ದೀರಿ ಎಂದುಕೊಳ್ಳಿ. ಟ್ಯಾಬನ್ನು ನಾಲ್ಕು ಸ್ಥಾನವಾಗಿ ತೋರಿಸುವ ಎಡಿಟರ್‌ನಲ್ಲಿ ಆ ಸಾಲು ಲೂಪಿನ ಹೊರಗೆ ಕಾಣುತ್ತದೆ. ಪೈಥಾನ್ 2 ಮಾತ್ರ ಅದನ್ನು ಎಂಟು ಸ್ಥಾನವೆಂದು ಎಣಿಸಿ ಒಳಗೆ ಸೇರಿಸಿಕೊಳ್ಳುತ್ತದೆ. ಮೂರು ಪರೀಕ್ಷೆಗಳಿದ್ದರೆ ಐದರ ಬದಲು ಹದಿನೈದು ಕೃಪಾಂಕ ಸೇರುತ್ತದೆ, ದೋಷದ ಸೂಚನೆಯೇ ಇರುವುದಿಲ್ಲ. ಸಂಖ್ಯೆಗಳಲ್ಲೂ ಹೀಗೆಯೇ: ಕ್ರಮಸಂಖ್ಯೆಯೆಂದು 010 ಎಂದು ಬರೆದರೆ ಸೊನ್ನೆಯಿಂದ ಶುರುವಾಗುವುದು ಎಂಟರ ಆಧಾರದ ಎಣಿಕೆಯೆಂದು ಪೈಥಾನ್ 2 ಅದನ್ನು ಎಂಟೆಂದು ಓದುತ್ತಿತ್ತು, ಪೈಥಾನ್ 3 ಒಪ್ಪುವುದೇ ಇಲ್ಲ. ಬರೆದವರ ಕಣ್ಣಿಗೆ ಒಂದು ಅರ್ಥ, ಯಂತ್ರಕ್ಕೆ ಇನ್ನೊಂದು ಅರ್ಥ ಆಗುವ ಕಡೆ ನಿಯಮ ಬಿಗಿಯಾಗಲೇಬೇಕು.

‘ಪ್ರಿಂಟ್’ ಮಾತು ಬೇರೆ. ಅದು ಫಂಕ್ಷನ್ ಆದದ್ದರಿಂದ ಅನುಕೂಲಗಳಿವೆ, ನಿಜ. ಆದರೆ ಹಳೆಯ ರೂಪ ಸಾಮಾನ್ಯವಾಗಿ ಯಾರ ಲೆಕ್ಕವನ್ನೂ ಕೆಡಿಸುತ್ತಿರಲಿಲ್ಲ. ಇಂಥ ಬದಲಾವಣೆಗಳನ್ನೆಲ್ಲ 2008ರ ಡಿಸೆಂಬರ್‌ನಲ್ಲಿ ಒಟ್ಟಿಗೇ ತಂದದ್ದರ ಬೆಲೆ ದೊಡ್ಡದು: 2015ಕ್ಕೆ ಮುಗಿಯಬೇಕಿದ್ದ ಪೈಥಾನ್ 2ರ ಬೆಂಬಲವನ್ನು 2020ರವರೆಗೆ ಎಳೆಯಬೇಕಾಯಿತು. ಅನಂತರ ಅನುಸರಿಸಿದ ದಾರಿ ನನಗೆ ಹೆಚ್ಚು ಸರಿಯೆನಿಸುತ್ತದೆ. ಸ್ಟ್ರಿಂಗ್‌ನೊಳಗಿನ (ಉದ್ಧರಣ ಚಿಹ್ನೆಗಳ ನಡುವಿನ ಪಠ್ಯದೊಳಗಿನ) ಅರ್ಥವಿಲ್ಲದ ಬ್ಯಾಕ್‌ಸ್ಲ್ಯಾಶ್ (\) ಬಗ್ಗೆ 2016ರ 3.6 ಆವೃತ್ತಿ ಮೆಲ್ಲಗೆ ಎಚ್ಚರಿಸಿತು, 2023ರ 3.12 ಎಲ್ಲರಿಗೂ ಕಾಣುವಂತೆ ಎಚ್ಚರಿಸಿತು. ಪ್ರೋಗ್ರಾಂ ಮಾತ್ರ ಓಡುತ್ತಲೇ ಇದೆ.

ಇನ್ನು ನಿಮ್ಮ ಪ್ರೋಗ್ರಾಂ. ಮೂಲ ಪ್ರತಿಯನ್ನು ಒಮ್ಮೆ ಪೈಥಾನ್ 2ರಲ್ಲೇ, ಓಡಿಸುವ ಆದೇಶದಲ್ಲಿ ಹೈಫನ್ ಹಾಕಿ ಎರಡು ಸಣ್ಣ ‘ಟಿ’ (-tt) ಸೇರಿಸಿ ಓಡಿಸಿ. ಟ್ಯಾಬ್ ಮತ್ತು ಸ್ಪೇಸ್ ಗೊಂದಲವಾಗುವಂತೆ ಬೆರೆತ ಮೊದಲ ಸಾಲಿನಲ್ಲೇ ಅದು ನಿಲ್ಲುತ್ತದೆ. ಆ ಸಾಲು ಲೂಪಿನ ಆಸುಪಾಸಿನಲ್ಲಿದ್ದರೆ, ತಿದ್ದಿದ ಮೇಲೆ ಹಿಂದಿನ ವರ್ಷಗಳ ಅಂಕಗಳನ್ನೂ ಮತ್ತೆ ಕೂಡಿಸಿ ನೋಡಿ.