ಹೊಲ ಮಾರುವ ಮೊದಲು ಒಂಬತ್ತು ಲಕ್ಷದ ಲೆಕ್ಕ ಕೇಳಿ

ಪ್ರಶ್ನೆ: ನಾವು ಶಹಾಪುರ ತಾಲ್ಲೂಕಿನ ಹಳ್ಳಿಯವರು. ಯಜಮಾನರಿಗೆ 39 ವರ್ಷ. ಫಿಟ್ಸ್ ಬಂದು ಬಿದ್ದಾಗ ಎಂಆರ್‌ಐ ಮಾಡಿಸಿದೆವು, ಮೆದುಳಿನಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಮೂರು ವಾರದ ಹಿಂದೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಪೂರ್ತಿ ತೆಗೆಯಲು ಆಗಲಿಲ್ಲವಂತೆ. ಬಯಾಪ್ಸಿಯಲ್ಲಿ 'ಆಸ್ಟ್ರೋಸೈಟೋಮಾ, ಗ್ರೇಡ್ 3' ಎಂದು ಬಂದಿದೆ. ಬಿಪಿಎಲ್ ಕಾರ್ಡ್ ಇದ್ದರೂ ಅಲ್ಲಿ ನಡೆಯಲಿಲ್ಲ, ನಾಲ್ಕು ಲಕ್ಷ ಖರ್ಚಾಯಿತು. ಅದರಲ್ಲಿ ಒಂದೂವರೆ ಲಕ್ಷ ಮೂರು ರೂಪಾಯಿ ಬಡ್ಡಿಯ ಸಾಲ. ಇನ್ನೂ ಒಂಬತ್ತು ಲಕ್ಷ ಬೇಕು ಎನ್ನುತ್ತಾರೆ. ಮೂರು ಎಕರೆ ತೊಗರಿ ಹೊಲ ಮಾರಿ ಮುಂಬೈಗೆ ಒಯ್ಯೋಣ ಎಂದು ಮೈದುನ ಹಟ ಹಿಡಿದಿದ್ದಾನೆ. ಬೆಂಗಳೂರಿನಲ್ಲಿರುವ ಅಕ್ಕನ ಮಗ, ಫೋಟೋ ವಿಡಿಯೋ ಹಾಕಿ ಆನ್‌ಲೈನಿನಲ್ಲಿ ಹಣ ಕೂಡಿಸೋಣ ಎನ್ನುತ್ತಾನೆ. ಇವರು ಮಾತ್ರ "ನನ್ನ ಮೋತಿ ತೋರಿಸಿ ಭಿಕ್ಷೆ ಬೇಡಬ್ಯಾಡ" ಎಂದು ಸಿಟ್ಟಾಗುತ್ತಾರೆ. ಬೇಡವೆಂದರೂ ಬೈಕ್ ಹತ್ತುತ್ತಾರೆ. ನಾನು ಯಾರ ಮಾತು ಕೇಳಲಿ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಹೊಲ ಇದೆ, ಮುಂಬೈ ಇದೆ, ಫೋಟೋ ಇದೆ. ರೇಡಿಯೇಷನ್ ಯಾವತ್ತಿನಿಂದ ಎಂಬ ತಾರೀಖು ಎಲ್ಲೂ ಇಲ್ಲ. ನಮಗೆ ಚಿಂತೆ ಆಗಿರುವುದು ಅದೇ. ಆಪರೇಷನ್ ಗಾಯ ಮಾಯ್ದ ಮೇಲೆ, ಸಾಮಾನ್ಯವಾಗಿ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ಅದರಲ್ಲಿ ಮೂರು ವಾರ ಆಗಲೇ ಹೋಗಿದೆ. ಹೊಲಕ್ಕೆ ಗಿರಾಕಿ ಹುಡುಕಿ, ನೋಂದಣಿ ಮುಗಿಸಿ ದುಡ್ಡು ಕೈಗೆ ಬರುವಷ್ಟರಲ್ಲಿ ಉಳಿದ ಮೂರು ವಾರವೂ ಹೋಗಿರುತ್ತದೆ. ಅವಸರಕ್ಕೆ ಮಾರುವವರ ಹೊಲಕ್ಕೆ ಎಂಥ ರೇಟು ಸಿಗುತ್ತದೆ ಎಂಬುದು ನಿಮಗೇ ಗೊತ್ತು. ಸದ್ಯ ಹೊಲದ ಮಾತು ಬಿಡಿ.

ಮೊದಲು ಆ ಒಂಬತ್ತು ಲಕ್ಷ ಯಾವುದಕ್ಕೆ ಎಷ್ಟು ಎಂದು ಆಸ್ಪತ್ರೆಯ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ಬಾಯಿಮಾತಿನ ಮೊತ್ತ ನಂಬಿ ಯಾರ ಮುಂದೆಯೂ ಕೈ ಚಾಚಬೇಡಿ. ಇದು ಮೆದುಳಿನ ಕ್ಯಾನ್ಸರ್; ಇದಕ್ಕೆ ರೇಡಿಯೇಷನ್ ಸಾಮಾನ್ಯವಾಗಿ 30ರಿಂದ 33 ಸಲ, ವಾರಕ್ಕೆ ಐದು ದಿನದಂತೆ ಆರರಿಂದ ಆರೂವರೆ ವಾರ ನಡೆಯುತ್ತದೆ. ಆಮೇಲೆ ಟೆಮೊಜೊಲೊಮೈಡ್ ಎಂಬ ಕ್ಯಾಪ್ಸೂಲ್, 12 ಸುತ್ತಿನವರೆಗೆ. ಮುಂಬೈಗೆ ಹೋದರೂ ಹೈದರಾಬಾದಿಗೆ ಹೋದರೂ ಚಿಕಿತ್ಸೆಯ ಬೆನ್ನೆಲುಬು ಇದೇ. ನೀವು ಹೋಗುವ ಆಸ್ಪತ್ರೆಯಲ್ಲಿ ರೇಡಿಯೇಷನ್ ಲೀನಿಯರ್ ಆಕ್ಸಿಲರೇಟರ್ ಯಂತ್ರದಲ್ಲೇ, ಗಡ್ಡೆಯ ಆಕಾರಕ್ಕೆ ಹೊಂದಿಸಿ ಕೊಡುತ್ತಾರೆಯೇ ಎಂದು ಕೇಳಿ. ಅಲ್ಲಿ ಸಿಗುತ್ತದೆ ಎಂದಾದರೆ 'ಸೈಬರ್ ನೈಫ್', 'ಪ್ರೋಟಾನ್' ಎಂಬ ಬೇರೆ ಬಗೆಯ ರೇಡಿಯೇಷನ್‌ಗಳ ದೊಡ್ಡ ಹೆಸರಿಗೆ ಮರುಳಾಗಿ ಸಾಲ ಮಾಡಬೇಡಿ. ಸೈಬರ್ ನೈಫ್ ಇರುವುದು ಸಣ್ಣ, ಅಂಚು ಸ್ಪಷ್ಟವಾಗಿರುವ ಗಡ್ಡೆಗಳಿಗೆ. ಆಸ್ಟ್ರೋಸೈಟೋಮಾ ಮೆದುಳಿನೊಳಗೆ ಬೇರು ಬಿಟ್ಟು ಹರಡುವ ಜಾತಿ.

ಹಾಗಾದರೆ ಹೆಚ್ಚಿನ ಚಿಕಿತ್ಸೆ ಎಂಬುದೇ ಇಲ್ಲವೇ? ಇದೆ, ಎರಡು ಕಡೆ. ಒಂದು, ಉಳಿದ ಗಡ್ಡೆಯನ್ನು ಅನುಭವಿ ನ್ಯೂರೋಸರ್ಜನ್ ಇನ್ನಷ್ಟು ತೆಗೆಯಬಲ್ಲರೇ ಎಂಬ ಪ್ರಶ್ನೆ. ಆಪರೇಷನ್ ಆದ ಮೇಲಿನ ಎಂಆರ್‌ಐ ನೋಡದೆ ಇದಕ್ಕೆ ಉತ್ತರ ಸಿಗದು. ಮಾಡಿಸಿಲ್ಲವಾದರೆ ಮಾಡಿಸಿ. ಇನ್ನೊಂದು, ಬಯಾಪ್ಸಿ ತುಣುಕಿನ ಮೇಲೆ ಐಡಿಎಚ್ ಮತ್ತು 1ಪಿ-19ಕ್ಯೂ ಪರೀಕ್ಷೆ, ಅಂದರೆ ಗಡ್ಡೆಯ ಜೀನ್‌ಗಳಲ್ಲಿ ಆದ ಬದಲಾವಣೆ ಹುಡುಕುವ ಪರೀಕ್ಷೆ. ಎಷ್ಟು ಭರವಸೆ ಇಟ್ಟುಕೊಳ್ಳಬಹುದು, ಯಾವ ಔಷಧ ಎನ್ನುವುದು ಗ್ರೇಡಿನಷ್ಟೇ ಇದರ ಮೇಲೂ ನಿಂತಿದೆ. ಐಡಿಎಚ್ ಬದಲಾವಣೆ ಇರುವ ಗಡ್ಡೆಯವರು ಇಲ್ಲದವರಿಗಿಂತ ವರ್ಷಗಟ್ಟಲೆ ಹೆಚ್ಚು ಬದುಕುವುದುಂಟು. ಆಸ್ಪತ್ರೆಯ ಪೆಥಾಲಜಿ ವಿಭಾಗಕ್ಕೆ ಅರ್ಜಿ ಕೊಟ್ಟು ಬಯಾಪ್ಸಿ ತುಣುಕು ಇರುವ ಪ್ಯಾರಾಫಿನ್ ಬ್ಲಾಕ್, ಗಾಜಿನ ಸ್ಲೈಡ್, ಎಂಆರ್‌ಐ ಸಿಡಿ ಮೂರನ್ನೂ ಪಡೆಯಿರಿ. ಬರೀ ರಿಪೋರ್ಟ್ ಹಿಡಿದು ದೂರದೂರಿಗೆ ಹೋದವರನ್ನು "ಬ್ಲಾಕ್ ತನ್ನಿ" ಎಂದು ವಾಪಸ್ ಕಳಿಸುತ್ತಾರೆ, ಎರಡು ಕಡೆಯ ಖರ್ಚು ದಂಡ. ಬ್ಲಾಕ್ ಮೇಣದ ತುಂಡು, ಬೇಸಿಗೆಯಲ್ಲಿ ಬಸ್ಸಿನ ಕಿಟಕಿ ಬಳಿ ಇಟ್ಟರೆ ಕರಗೀತು. ಡಬ್ಬಿಯಲ್ಲಿ ಹಾಕಿ ಬಟ್ಟೆಯ ನಡುವೆ ಇಡಿ.

ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯ ತಜ್ಞರ ಅಭಿಪ್ರಾಯ ಬೇಕಾದರೆ ರಿಪೋರ್ಟುಗಳನ್ನು 'ನವ್ಯಾ' ಎಂಬ ಆನ್‌ಲೈನ್ ಸೇವೆಯ ಮೂಲಕ ಮನೆಯಿಂದಲೇ ಕಳಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನ್ಯೂರೋಸರ್ಜರಿ ವಿಭಾಗ ಇದೆ, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ. ಅಭಿಪ್ರಾಯ ಪಡೆಯಲು ಒಂದು ಊರು, ಆರೂವರೆ ವಾರ ಚಿಕಿತ್ಸೆಗೆ ಇನ್ನೊಂದು ಊರು ಆದರೆ ತಪ್ಪೇನಿಲ್ಲ. ಮೈದುನನಿಗೆ ಇದನ್ನೇ ಹೇಳಿ. ಮುಂಬೈಗೆ ಕಾಗದ ಹೋಗಲಿ, ಮನುಷ್ಯ ಹೋಗಲೇಬೇಕೇ ಎಂಬುದು ಉತ್ತರ ಬಂದ ಮೇಲೆ ತೀರ್ಮಾನವಾಗಲಿ. ಹೋಗಬೇಕಾದರೆ ಆಸ್ಪತ್ರೆಯಿಂದ ಕ್ಯಾನ್ಸರ್ ರೋಗಿಯ ರೈಲ್ವೆ ರಿಯಾಯಿತಿ ಫಾರ್ಮ್ ತುಂಬಿಸಿಕೊಳ್ಳಿ, ಸ್ಲೀಪರ್‌ನಲ್ಲಿ ರೋಗಿಗೆ ಟಿಕೆಟ್ ಪೂರ್ತಿ ಮಾಫಿ, ಜತೆಗಾರರೊಬ್ಬರಿಗೆ ಮುಕ್ಕಾಲು ಪಾಲು. ಯಾದಗಿರಿಯಲ್ಲಿ ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ನಿಲ್ಲುತ್ತದೆ.

ಬಿಪಿಎಲ್ ಕಾರ್ಡ್ ಒಂದು ಕಡೆ ನಡೆಯಲಿಲ್ಲ ಎಂದು ಪೆಟ್ಟಿಗೆಯಲ್ಲಿ ಇಡಬೇಡಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಅದು ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಮಾತ್ರ, ಅದೂ ಚಿಕಿತ್ಸೆಗೆ ಮುಂಚೆ ಮಂಜೂರಾತಿ ಪಡೆದರೆ. ಜನ ಎಡವುವುದು ಇಲ್ಲೇ: ಮೊದಲು ನಗದು ಕಟ್ಟಿ ಅಡ್ಮಿಟ್ ಆಗುತ್ತಾರೆ, ನಾಲ್ಕು ದಿನ ಬಿಟ್ಟು ಕಾರ್ಡ್ ತೋರಿಸುತ್ತಾರೆ. ಕಟ್ಟಿದ್ದು ವಾಪಸ್ ಬರುವುದಿಲ್ಲ. ಹೊಸ ಆಸ್ಪತ್ರೆಗೆ ಹೋದ ದಿನ ಡಾಕ್ಟರ ಚೀಟಿಗಿಂತ ಮೊದಲು ಈ ಯೋಜನೆಯ ಸಹಾಯಕ 'ಆರೋಗ್ಯಮಿತ್ರ' ಕೂರುವ ಮೇಜು ಹುಡುಕಿ. ರೇಡಿಯೇಷನ್, ಕ್ಯಾಪ್ಸೂಲ್, ಎಂಆರ್‌ಐ ಇವುಗಳಲ್ಲಿ ಯಾವುದು ಪ್ಯಾಕೇಜಿನೊಳಗೆ, ಯಾವುದು ಹೊರಗೆ ಎಂದು ಬರೆಸಿಕೊಳ್ಳಿ. ಹೊರ ರಾಜ್ಯಕ್ಕೆ ಹೋಗುವುದಾದರೆ ಅಲ್ಲಿ ನಿಮ್ಮ ಕಾರ್ಡ್ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ಯೋಜನೆಯ ಸಹಾಯವಾಣಿ 14555ಕ್ಕೆ ಫೋನ್ ಮಾಡಿ ಕೇಳಿ.

ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಕಚೇರಿ, ಪ್ರಧಾನಮಂತ್ರಿ ಪರಿಹಾರ ನಿಧಿಗೆ ಸಂಸದರ ಕಚೇರಿ ಹಿಡಿಯಿರಿ. ಎರಡನೆಯದು ಹಣವನ್ನು ಆಸ್ಪತ್ರೆಗೇ ಕಳಿಸುತ್ತದೆ, ಆದ್ದರಿಂದ ಚಿಕಿತ್ಸೆಗೆ ಮುಂಚೆಯೇ ಅಸಲಿ ಎಸ್ಟಿಮೇಟ್ ಲಗತ್ತಿಸಿ ಅರ್ಜಿ ಹಾಕಬೇಕು. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಇವತ್ತೇ ಕೇಳಿ. ಪ್ರತಿ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ ಐದೈದು ಝೆರಾಕ್ಸ್ ಇರಲಿ. ಅಸಲಿ ಕೊಟ್ಟರೆ ಸ್ವೀಕೃತಿ ಇಲ್ಲದೆ ಬರಬೇಡಿ.

ಇಷ್ಟೆಲ್ಲ ಕಳೆದು ಉಳಿದ ಮೊತ್ತವೇ ನೀವು ಜನರ ಮುಂದೆ ಇಡಬೇಕಾದದ್ದು. ಒಂಬತ್ತು ಲಕ್ಷ ಇದ್ದದ್ದು ಎರಡೋ ಮೂರೋ ಲಕ್ಷಕ್ಕೆ ಇಳಿದರೆ ನಮಗೆ ಆಶ್ಚರ್ಯವಿಲ್ಲ. ಅಷ್ಟಕ್ಕೆ ಮುಖ ತೋರಿಸುವ ಅಗತ್ಯವೂ ಇಲ್ಲ. ಯಜಮಾನರ ಒಪ್ಪಿಗೆ ಇಲ್ಲದೆ ಅವರ ಫೋಟೋ ಹಾಕಬಾರದು, ಈ ವಿಷಯದಲ್ಲಿ ನಾವು ಅವರ ಪಕ್ಷ. ತಲೆಗೆ ಪಟ್ಟಿ ಕಟ್ಟಿದ ಫೋಟೋಗಿಂತ ಆಸ್ಪತ್ರೆಯ ಎಸ್ಟಿಮೇಟ್ ಪತ್ರವೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ವಾಟ್ಸ್‌ಆ್ಯಪ್ ಸಂದೇಶ ಹೀಗಿದ್ದರೆ ಸಾಕು: "ನಮ್ಮ ಊರಿನ ಇಂಥವರಿಗೆ ಮೆದುಳಿನ ಗಡ್ಡೆ. ಇಂಥ ಆಸ್ಪತ್ರೆ, ರೋಗಿ ಸಂಖ್ಯೆ ಇಷ್ಟು. ಒಟ್ಟು ಖರ್ಚು ಇಷ್ಟು, ಕಾರ್ಡಿನಿಂದ ಸಿಗುವುದು ಇಷ್ಟು, ಕಡಿಮೆ ಬೀಳುವುದು ಇಷ್ಟು. ಇಂಥ ತಾರೀಖಿನೊಳಗೆ ಆಸ್ಪತ್ರೆಯ ಈ ಖಾತೆಗೆ ಹಾಕಿ. ವಿಚಾರಿಸಲು ಈ ನಂಬರ್." ಮೊದಲು ಅವರ ಶಾಲೆಯ ಗೆಳೆಯರಿಗೆ, ಅವರು ತೊಗರಿ ಹಾಕುವ ಅಡತಿ ಅಂಗಡಿಯವರಿಗೆ, ನಿಮ್ಮ ಸ್ವಸಹಾಯ ಸಂಘಕ್ಕೆ ಕಳಿಸಿ. ಮದುವೆಯಲ್ಲಿ ಆಯೇರಿ ಬರೆದಿಟ್ಟಂತೆ ಯಾರು ಎಷ್ಟು ಕೊಟ್ಟರು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊತ್ತ ತುಂಬಿದ ದಿನ "ಸಾಕು, ಇನ್ನು ಹಾಕಬೇಡಿ" ಎಂದು ಅದೇ ಗುಂಪಿನಲ್ಲಿ ತಿಳಿಸಿ.

ಆನ್‌ಲೈನ್ ವೇದಿಕೆ ಬಳಸುವುದಾದರೆ ಅವರ ಶುಲ್ಕ, ಪೇಮೆಂಟ್ ಗೇಟ್‌ವೇ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಎಲ್ಲ ಹೋಗಿ ನೂರಕ್ಕೆ ಎಷ್ಟು ಆಸ್ಪತ್ರೆಗೆ ಸೇರುತ್ತದೆ ಎಂದು ಅಕ್ಕನ ಮಗ ಮೊದಲೇ ಕೇಳಿಕೊಳ್ಳಲಿ. "ಮುಂಗಡ ಕೊಡಿ, ಹಣ ಎತ್ತಿಸಿಕೊಡುತ್ತೇವೆ" ಎನ್ನುವವರನ್ನು ಬಾಗಿಲಿಂದಲೇ ಕಳಿಸಿ. ಸ್ವಂತ ಕ್ಯೂಆರ್ ಕೋಡ್ ಹರಿಬಿಡಬೇಡಿ, ಅದನ್ನು ಅಳಿಸಿ ತಮ್ಮದು ಅಂಟಿಸಿ ಹಂಚುವ ಕಳ್ಳರಿದ್ದಾರೆ. ಇನ್ನೊಂದು ಕಾರಣವೂ ಇದೆ: ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಸ್ವಂತ ಖಾತೆಗೆ ಒಟ್ಟು 50,000 ರೂಪಾಯಿಗಿಂತ ಹೆಚ್ಚು ಬಂದರೆ ಆದಾಯ ತೆರಿಗೆ ಕಾನೂನು ಅದನ್ನು ಆದಾಯವೆಂದೇ ನೋಡುತ್ತದೆ. ಆಸ್ಪತ್ರೆ ಖಾತೆಗೆ ನೇರ ಹೋದರೆ ಈ ತಲೆನೋವು ಕಡಿಮೆ. ಯಜಮಾನರೊಬ್ಬರ ಹೆಸರಿನಲ್ಲಿರುವ ಬ್ಯಾಂಕ್ ಖಾತೆಯನ್ನು, ಅವರು ಎಚ್ಚರವಾಗಿ ಸಹಿ ಹಾಕುವಂತಿರುವ ಈಗಲೇ, ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಜಂಟಿ ಖಾತೆ ಮಾಡಿಸಿ.

ಇನ್ನು ಆ ಬಡ್ಡಿ ಸಾಲ. ತಿಂಗಳಿಗೆ ನೂರಕ್ಕೆ ಮೂರು ಎಂದರೆ ವರ್ಷಕ್ಕೆ 36. ಒಂದೂವರೆ ಲಕ್ಷಕ್ಕೆ 54,000 ಬರೀ ಬಡ್ಡಿ. ಹೊಲವನ್ನು ವರ್ಷದ ಲಾವಣಿಗೆ (ಗುತ್ತಿಗೆಗೆ) ಹಾಕಿ ಮುಂಗಡ ಪಡೆದು ಈ ಸಾಲ ಮೊದಲು ತೀರಿಸಿ. ಕರಾರು ಬರಹದಲ್ಲಿರಲಿ, ಖರೀದಿ ಪತ್ರಕ್ಕೆ ಮಾತ್ರ ಸಹಿ ಬೇಡ.

ಕ್ಯಾಪ್ಸೂಲಿನ ಬಗ್ಗೆ ಒಂದು ಎಚ್ಚರ. ರೇಡಿಯೇಷನ್ ನಂತರದ ಸುತ್ತುಗಳಲ್ಲಿ ಅದನ್ನು 28 ದಿನಕ್ಕೆ ಐದು ದಿನ ಮಾತ್ರ ನುಂಗಬೇಕು. ತಿಂಗಳು ಪೂರ್ತಿ ನುಂಗಿದರೆ ರಕ್ತದ ಪ್ಲೇಟ್‌ಲೆಟ್ ಕುಸಿದು ಜೀವಕ್ಕೇ ಅಪಾಯ. 20 ಮತ್ತು 100 ಮಿಲಿಗ್ರಾಂ ಡಬ್ಬಿಗಳು ಬೇರೆ ಬೇರೆ ಬರುತ್ತವೆ, ದಿನಕ್ಕೆ ಯಾವುದು ಎಷ್ಟು ಎಂದು ಕ್ಯಾಲೆಂಡರಿನ ಮೇಲೆ ಬರೆಸಿಕೊಳ್ಳಿ. ವಾಂತಿ ಮಾತ್ರೆ ಕೊಟ್ಟು ಅರ್ಧ ತಾಸು ಬಿಟ್ಟು, ಖಾಲಿ ಹೊಟ್ಟೆಯಲ್ಲಿ, ಬಿಚ್ಚದೆ ನುಂಗಿಸಿ. ಪ್ರತಿ ಸುತ್ತಿಗೂ ಮುಂಚೆ ರಕ್ತ ಪರೀಕ್ಷೆ. ಇನ್ನು, ರೇಡಿಯೇಷನ್ ಮುಗಿದ ಮೊದಲ ಮೂರು ತಿಂಗಳಲ್ಲಿ ಎಂಆರ್‌ಐನಲ್ಲಿ ಗಡ್ಡೆ ದೊಡ್ಡದಾದಂತೆ ಕಾಣುವುದುಂಟು. ಅದು ಚಿಕಿತ್ಸೆಯ ಬಾವೂ ಇರಬಹುದು. ಅದೊಂದೇ ಫಿಲ್ಮ್ ನೋಡಿ ಊರು ಬದಲಿಸಬೇಡಿ.

ಅವರ ಸಿಟ್ಟಿಗೆ ಗಡ್ಡೆ ಇರುವ ಜಾಗ ಕಾರಣವಾಗಿರಬಹುದು, ಮೆದುಳಿನ ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಮಾತ್ರೆಯೂ ಸಿಟ್ಟು ತರುತ್ತದೆ, ನಿದ್ದೆಗೆಡಿಸುತ್ತದೆ. ಅದನ್ನು ಮುಂಜಾನೆ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ. ಹಣದ ಮಾತು ಅವರು ಸಮಾಧಾನವಾಗಿರುವ ಹೊತ್ತಲ್ಲಿ, ಲೆಕ್ಕದ ಹಾಳೆ ಮುಂದಿಟ್ಟು ಆಡಿ. ಬೈಕಿನ ವಿಷಯದಲ್ಲಿ ಮಾತ್ರ ಮುಲಾಜು ಬೇಡ. ಕೀಲಿ ಮೈದುನನ ಕೈಗೆ ಕೊಡಿ, ಡಾಕ್ಟರ ಬಾಯಿಂದಲೇ "ಓಡಿಸಬೇಡಿ" ಎಂದು ಹೇಳಿಸಿ. ಬಾವಿ, ಕೆರೆ, ಟ್ರ್ಯಾಕ್ಟರ್, ಒಲೆ ಹತ್ತಿರವೂ ಒಬ್ಬರೇ ಬೇಡ. ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪದಿರಲಿ. ಮತ್ತೆ ಬಂದರೆ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಹಲ್ಲಿಗೆ ಚಮಚ ಯಾವುದೂ ಬೇಡ. ಮಗ್ಗುಲಿಗೆ ಹೊರಳಿಸಿ, ಕೊರಳ ಗುಂಡಿ ಸಡಿಲಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108.