ಅಬಿಯ ತೋಳು, ಮಂಚದಡಿಯ ಸರ್ಟಿಫಿಕೇಟು

ನಮಸ್ಕಾರ,

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ದಾವಣಗೆರೆಯವರು, ಈಗ ಬೆಂಗಳೂರಿನಲ್ಲಿ ತ್ರೀಡಿ ಅನಿಮೇಶನ್ ಕಲಿಯುತ್ತಿದ್ದೀರಿ, ಓದುಗರಿಗೆ ಅಷ್ಟು ಗೊತ್ತಾದರೆ ಸಾಕು. ವಿಡಿಯೋ ಗೇಮ್‌ಗಳ ಹೆಣ್ಣು ಪಾತ್ರಗಳು ನಿಜವಾದ ಹೆಂಗಸರ ಹಾಗಿರಬೇಕು ಅಂತ ಹೋದ ಸಂಚಿಕೆಯಲ್ಲಿ ನಾವು ಹಾಕಿದ ಲೇಖನ ಓದಿ ನಿಮಗೆ ಸಿಟ್ಟು ಬಂದಿದೆ. ನಾಲ್ಕು ಪುಟದ ಪತ್ರ, ಕೈಯಲ್ಲೇ ಬರೆದದ್ದು. ಈ ಕಾಲದಲ್ಲಿ ಅಷ್ಟು ಕಷ್ಟಪಟ್ಟು ಬರೆದವರಿಗೆ ನಾಲ್ಕು ಸಾಲಿನ ಉತ್ತರ ಕೊಟ್ಟರೆ ಸರಿಯಾಗುವುದಿಲ್ಲ.

ನೀವು ಹೇಳಿದ್ದು ಇಷ್ಟು. ಗೇಮ್ ಅಂದರೆ ಕನಸು, ಅದರಲ್ಲಿ ಗಂಡಸರೂ ನಿಜವಾಗಿಲ್ಲ, ಹೆಣ್ಣು ಮಾತ್ರ ಯಾಕೆ ನಿಜವಾಗಿರಬೇಕು? ಈಗೀಗ ಕಂಪನಿಯವರು ಬೇಕಂತಲೇ ಹೆಣ್ಣುಮಕ್ಕಳನ್ನು ಚೆಂದಗೆಡಿಸುತ್ತಿದ್ದಾರೆ. 'ದಿ ಲಾಸ್ಟ್ ಆಫ್ ಅಸ್' ಗೇಮಿನ ಅಬಿಯಂಥ ತೋಳಿರುವ ಹುಡುಗಿ ಎಲ್ಲಾದರೂ ಇದ್ದಾಳಾ? 'ಹೊರೈಜನ್' ಗೇಮಿನ ನಾಯಕಿ ಅಲಾಯ್ ಕೆನ್ನೆಯ ಮೇಲೆ ಕೂದಲು ತೋರಿಸಿ ಏನು ಸಾಧಿಸಿದರು? ಕೊನೆಗೆ ಇನ್ನೊಂದು ಮಾತು: ಪಿಯುಸಿ ಓದುವ ನಿಮ್ಮ ತಂಗಿ ಯಾವ ಗೇಮ್ ಆಡಿದರೂ ಗಂಡು ಪಾತ್ರವನ್ನೇ ಆರಿಸುತ್ತಾಳೆ, 'ಅವಳಿಗೇ ಬೇಡವಾದದ್ದು ನಿಮಗ್ಯಾಕೆ ಮೇಡಂ?'

ಈ ಕೊನೆಯ ಮಾತು ಎರಡು ದಿನ ನನ್ನ ತಲೆಯಲ್ಲೇ ಕೂತಿತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಬಿ. 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಬಂದದ್ದು 2020ರಲ್ಲಿ. ಎಷ್ಟು ಜನ ನಿಮ್ಮ ಹಾಗೇ ಕೇಳಿದರು, ಇಂಥ ತೋಳು ಹೆಂಗಸರಿಗೆ ಬರುತ್ತಾ ಅಂತ. ಬರುತ್ತೆ. ಕಾಲೀನ್ ಫಾಚ್ ಅನ್ನುವ ಅಮೆರಿಕದ ಕ್ರಾಸ್‌ಫಿಟ್ (ಭಾರ ಎತ್ತುವ, ಓಡುವ ಕಸರತ್ತಿನ ಸ್ಪರ್ಧೆ) ಆಟಗಾರ್ತಿಯ ಮೈಕಟ್ಟನ್ನೇ ಮಾದರಿಯಾಗಿಟ್ಟುಕೊಂಡು ಅಬಿಯನ್ನು ಮಾಡಿದ್ದು. ಅಂದರೆ ನಿಮಗೆ ಸುಳ್ಳು ಅನ್ನಿಸಿದ ಆ ತೋಳು, ಇಡೀ ಗೇಮಿನಲ್ಲಿ ನಿಜವಾದ ಒಬ್ಬ ಹೆಂಗಸಿನಿಂದ ಬಂದ ತೋಳು. ಪಾತ್ರಕ್ಕೆ ಧ್ವನಿ ಕೊಟ್ಟ ಲಾರಾ ಬೇಲಿಗೆ ಕೊಲೆ ಬೆದರಿಕೆ ಕೂಡ ಬಂದವು. ನೀವು ಅಂಥವರಲ್ಲ ಅಂತ ಗೊತ್ತು. ಆದರೂ ಹೇಳದೆ ಇರಲಾರೆ, ನೋಡಿದ ತಕ್ಷಣ 'ಇದು ಹೆಣ್ಣೇ ಅಲ್ಲ' ಅನ್ನುವ ಮಾತು ಎಲ್ಲಿವರೆಗೂ ಹೋಗುತ್ತದೆ ಅನ್ನುವುದನ್ನು ನಾವೆಲ್ಲ ಆಗ ನೋಡಿದೆವು.

ನನಗೆ ಅದಕ್ಕಿಂತ ಇಷ್ಟವಾದದ್ದು ಬೇರೆ. ಆ ತೋಳು ಎಲ್ಲಿಂದ ಬಂತು ಅನ್ನುವುದಕ್ಕೆ ಗೇಮ್ ಲೆಕ್ಕ ಕೊಡುತ್ತದೆ. ಅಪ್ಪನನ್ನು ಕಳೆದುಕೊಂಡ ಹುಡುಗಿ, ಕೊಂದವನನ್ನು ಹುಡುಕಬೇಕು ಅಂತ ನಾಲ್ಕು ವರ್ಷ ಮೈ ಹುರಿಗಟ್ಟಿಸಿದ್ದಾಳೆ. ಇರುವುದು ಸಿಯಾಟಲ್‌ನ ಒಂದು ಸ್ಟೇಡಿಯಂನಲ್ಲಿ. ಅಲ್ಲಿ ಬೆಳೆ ಇದೆ, ದನ ಇದೆ, ಜಿಮ್ ಇದೆ, ಊಟಕ್ಕೆ ಕ್ಯಾಂಟೀನ್ ಇದೆ. ಊಟ ಸರಿಯಾಗಿ ಸಿಗದ ಲೋಕದಲ್ಲಿ ಅವಳಿಗೆ ಮಾತ್ರ ಹೊಟ್ಟೆ ತುಂಬ ಸಿಕ್ಕಿದೆ, ಅದಕ್ಕೇ ಆ ತೋಳು. ಕಡೆಯ ಭಾಗದಲ್ಲಿ (ಇನ್ನೂ ಆಡದವರು ಈ ಎರಡು ಸಾಲು ಬಿಟ್ಟು ಓದಿ) ತಿಂಗಳುಗಟ್ಟಲೆ ಸೆರೆಯಲ್ಲಿದ್ದು ಸಿಗುತ್ತಾಳಲ್ಲ, ಆಗ ನೋಡಿ. ಜಡೆ ಹೋಗಿದೆ, ಕೂದಲು ಗಿಡ್ಡ ಕತ್ತರಿಸಿದ್ದಾರೆ, ಆ ತೋಳು ಸೊರಗಿ ಕಡ್ಡಿಯಾಗಿದೆ. ಏನಾಯಿತು ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಮೈ ನೋಡಿದರೆ ಗೊತ್ತಾಗುತ್ತದೆ.

ನನ್ನ ಮಟ್ಟಿಗೆ ಪಾತ್ರ ನಿಜವಾಗುವುದು ಅಂದರೆ ಇದೇ. ಚೆಂದ ಇರಬಾರದು ಅಂತ ನಾನು ಯಾವತ್ತೂ ಹೇಳಿಲ್ಲ. ಅವಳು ಮಾಡುವ ಕೆಲಸ, ತಿನ್ನುವ ಅನ್ನ, ಬಿದ್ದ ಏಟು ಅವಳ ಮೈಮೇಲೆ ಕಾಣಬೇಕು, ಅಷ್ಟೇ ಕೇಳುತ್ತಿರುವುದು.

ಹಾಸ್ಟೆಲ್‌ನಲ್ಲಿ ನನ್ನ ರೂಮಿನಲ್ಲಿ ಒಬ್ಬಳಿದ್ದಳು, ಖೋಖೋ ಆಟಗಾರ್ತಿ. ಅವಳ ಎರಡೂ ಮೊಣಕಾಲಿನ ಚರ್ಮ ಕಪ್ಪಾಗಿ, ದಪ್ಪಗಾಗಿ, ಹಳೇ ಚಪ್ಪಲಿಯ ಅಟ್ಟೆ ಥರ ಆಗಿತ್ತು. ಡೈವ್ ಹೊಡೆದು ಹೊಡೆದು. ಮ್ಯಾಚ್ ದಿನ ಬೆಳಿಗ್ಗೆ ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟು, ಎಣ್ಣೆ ಹಾಕಿ ಬಿಗಿಯಾಗಿ ಎರಡು ಜಡೆ ಹೆಣೆಸಿಕೊಂಡು, ಅದನ್ನು ಮೇಲಕ್ಕೆ ಮಡಚಿ ಟೇಪಿನಲ್ಲಿ ಕಟ್ಟಿಸಿಕೊಳ್ಳುತ್ತಿದ್ದಳು. ಒಂದು ಎಳೆ ಸಡಿಲ ಇದ್ದರೂ ಮತ್ತೆ ಬಿಚ್ಚಿ ಕಟ್ಟು ಅನ್ನುತ್ತಿದ್ದಳು. ಈಗ ಯಾವುದಾದರೂ ಗೇಮಿನಲ್ಲಿ ಹೆಣ್ಣೊಬ್ಬಳು ಸೊಂಟದವರೆಗೆ ಕೂದಲು ಇಳಿಬಿಟ್ಟುಕೊಂಡು ಕತ್ತಿ ಬೀಸುವುದು ನೋಡಿದಾಗೆಲ್ಲ ಆ ಟೇಪು ನೆನಪಾಗುತ್ತದೆ. ಅವಳು ಚೆಂದ ಇರಲಿಲ್ಲ ಅಂದುಕೊಳ್ಳಬೇಡಿ. ತುಂಬ ಚೆಂದ ಇದ್ದಳು.

ಗಂಡಸರೂ ನಿಜವಾಗಿಲ್ಲ ಅನ್ನುವ ಮಾತಿಗೆ ಬರೋಣ. ಒಪ್ಪುತ್ತೇನೆ, 'ಗಾಡ್ ಆಫ್ ವಾರ್' ಗೇಮಿನ ನಾಯಕ ಕ್ರೇಟೋಸ್ ಥರದ ಎದೆ ನಮ್ಮ ಬೀದಿಯಲ್ಲಿ ಯಾರಿಗೂ ಇಲ್ಲ. ಆದರೆ ಅವನ ಮೈ ಅವನ ಕೆಲಸಕ್ಕೆ ಹೊಂದುತ್ತದೆ. ಕಂಬ ಎತ್ತಬೇಕು, ರಾಕ್ಷಸರನ್ನು ಸೀಳಬೇಕು, ಅದಕ್ಕೆ ತಕ್ಕ ರಟ್ಟೆ. ಅದೇ ಹೆಣ್ಣಿಗೆ ಉಕ್ಕಿನ ಎದೆಗವಚ ತೊಡಿಸುವಾಗ ನೋಡಿ, ಎರಡು ಬಟ್ಟಲು ಕೂರಿಸಿ ನಡುವೆ ಕಣಿವೆ ಬಿಟ್ಟಿರುತ್ತಾರೆ. ಕವಚ ಇರುವುದೇ ಕತ್ತಿಯ ಏಟು ಪಕ್ಕಕ್ಕೆ ಜಾರಿ ಹೋಗಲಿ ಅಂತ. ಈ ಆಕಾರದಲ್ಲಿ ಏಟು ಜಾರಿ ಬಂದು ನಿಲ್ಲುವುದು ಸೀದಾ ಎದೆಯ ಮೂಳೆಯ ಮೇಲೆ. ಅವನ ಉತ್ಪ್ರೇಕ್ಷೆ ಅವನನ್ನು ಉಳಿಸುತ್ತದೆ, ಅವಳ ಉತ್ಪ್ರೇಕ್ಷೆ ಅವಳನ್ನೇ ಕೊಲ್ಲುತ್ತದೆ. ಇಬ್ಬರದ್ದೂ ಕನಸೇ ಅಂತ ತೂಗಿ ಸಮ ಮಾಡಲು ನನಗಾಗುವುದಿಲ್ಲ.

1986ರಲ್ಲಿ ನಿಂಟೆಂಡೋ ಕಂಪನಿಯ 'ಮೆಟ್ರಾಯ್ಡ್' ಬಂತು. ಆಟವಿಡೀ ಕವಚದೊಳಗಿದ್ದ ಸ್ಯಾಮಸ್ ಕೊನೆಗೆ ಹೆಣ್ಣು ಅಂತ ಗೊತ್ತಾಗುತ್ತದೆ, ಇಂಗ್ಲಿಷ್ ಕೈಪಿಡಿಯಲ್ಲೂ ಅವಳನ್ನು 'ಅವನು' ಅಂತಲೇ ಬರೆದು ಗುಟ್ಟು ಮುಚ್ಚಿಟ್ಟಿದ್ದರು. ಎಂಥ ಒಳ್ಳೆಯ ಯೋಚನೆ ಅಲ್ವಾ? ಆದರೆ ಎಷ್ಟು ಬೇಗ ಆಟ ಮುಗಿಸುತ್ತೀರೋ ಅವಳ ಮೈಮೇಲೆ ಅಷ್ಟು ಕಡಿಮೆ ಬಟ್ಟೆ. ಒಂದು ಗಂಟೆಯೊಳಗೆ ಮುಗಿಸಿದರೆ ಬಿಕಿನಿ. ಅಷ್ಟು ಹೊತ್ತು ನೀವೇ ಅವಳಾಗಿ ಓಡಿದ್ದೀರಿ, ಹೋರಾಡಿದ್ದೀರಿ. ಮುಗಿದ ಮರುಕ್ಷಣ ಅವಳೇ ನಿಮಗೆ ಸಿಗುವ ಬಹುಮಾನ ಆಗಿಬಿಡುತ್ತಾಳೆ.

ಲಾರಾ ಕ್ರಾಫ್ಟ್ ಬಗ್ಗೆ ನೀವು ಪ್ರೀತಿಯಿಂದ ಬರೆದಿದ್ದೀರಿ. ನನಗೂ ಅವಳು ಇಷ್ಟ. ಇಂಗ್ಲೆಂಡಿನ ಡರ್ಬಿಯಲ್ಲಿದ್ದ ಕೋರ್ ಡಿಸೈನ್‌ನವರು 1996ರಲ್ಲಿ 'ಟೂಂಬ್ ರೇಡರ್' ತಂದರು. ಮೈಸೂರಿನಲ್ಲಿ ನಾನು ಡಿಗ್ರಿ ಓದುವಾಗ ಗೆಳತಿಯ ಅಣ್ಣನ ಕಂಪ್ಯೂಟರ್‌ನಲ್ಲಿ, ಅವನು ಮನೆಯಲ್ಲಿ ಇಲ್ಲದ ಹೊತ್ತು ನೋಡಿ, ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತು ಆಡುತ್ತಿದ್ದೆವು. ಆಟದ ನಡುವೆ ಬರುವ ಸಿನಿಮಾ ತುಣುಕುಗಳಲ್ಲಿ ಅವಳಿಗೆ ಉದ್ದ ಜಡೆ, ಆಡುವಾಗ ಮಾತ್ರ ತುರುಬು. ಆಗಿನ ಮಷೀನ್‌ಗಳಿಗೆ ಜಡೆ ಅಲ್ಲಾಡಿಸುವುದು ಕಷ್ಟವಾಗಿತ್ತು. 1997ರ ಎರಡನೇ ಆಟದಲ್ಲಿ ಜಡೆ ಬಂತು. ಅವಳು ಹಾರಿದಾಗ ಜಡೆಯೂ ಹಾರಿತು, ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ಒಬ್ಬ ಹೆಣ್ಣು, ಒಬ್ಬಳೇ, ಯಾರ ಅಪ್ಪಣೆಯೂ ಇಲ್ಲದೆ ಬೆಟ್ಟ ಹತ್ತುತ್ತಿದ್ದಾಳೆ. ಆ ಖುಷಿಯನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಾರರು. ಪೆರು ದೇಶದ ಹಿಮ ಬಿದ್ದ ಗುಹೆಗೆ ಇವಳು ತೋಳಿಲ್ಲದ ಅಂಗಿ, ಚಡ್ಡಿಯಲ್ಲಿ ಹೋಗುತ್ತಾಳಲ್ಲ, ಚಳಿ ಆಗಲ್ವಾ ಅಂತ ಗೆಳತಿ ಕೇಳಿದ್ದೂ ಚೆನ್ನಾಗಿ ನೆನಪಿದೆ.

2013ರಲ್ಲಿ ಕ್ರಿಸ್ಟಲ್ ಡೈನಾಮಿಕ್ಸ್‌ನವರು ಲಾರಾಳನ್ನು ಹೊಸದಾಗಿ ಕಟ್ಟಿದರು. ಮುಖ್ಯ ಬರಹಗಾರ್ತಿ ರಿಯಾನಾ ಪ್ರ್ಯಾಚೆಟ್. ಈ ಲಾರಾಗೆ ಚಳಿ ಆಗುತ್ತದೆ, ಗಾಯಕ್ಕೆ ಬಟ್ಟೆ ಕಟ್ಟಿಕೊಳ್ಳುತ್ತಾಳೆ, ಪ್ಯಾಂಟು ಹಾಕಿದ್ದಾಳೆ. ಒಳ್ಳೆಯದೇ. ಆದರೆ ಹಿಂದಿನ ವರ್ಷ ಟ್ರೈಲರ್ ಬಂದಾಗ ಅದರ ನಿರ್ಮಾಪಕರೊಬ್ಬರು, ಆಡುವವರಿಗೆ ಇವಳನ್ನು ಕಾಪಾಡಬೇಕು ಅನ್ನಿಸುತ್ತದೆ ಅನ್ನುವ ಅರ್ಥದಲ್ಲಿ ಮಾತಾಡಿ ಸಾಕಷ್ಟು ಬೈಸಿಕೊಂಡರು. ಕ್ರೇಟೋಸ್ ಬಗ್ಗೆ ಯಾರಾದರೂ ಹಾಗೆ ಅಂದಾರಾ? ಒಂದು ಹೆಣ್ಣನ್ನು ಗಂಟೆಗಟ್ಟಲೆ ನರಳಿಸಿದ ಮಾತ್ರಕ್ಕೆ ಅವಳು ನಿಜವಾಗಿಬಿಡುವುದಿಲ್ಲ. ನಮ್ಮ ಲೇಖನ ಇದನ್ನು ಗಮನಿಸದೆ ಹೊಸ ಲಾರಾಳನ್ನು ಸುಮ್ನೆ ಹೊಗಳಿಬಿಟ್ಟಿತ್ತು, ನೀವು ಅದನ್ನು ಹಿಡಿದು ಕೇಳಿದ್ದು ಸರಿ. ತಪ್ಪು ನಮ್ಮದು.

ಅಲಾಯ್ ಕೆನ್ನೆ ವಿಷಯ ಬೇಗ ಮುಗಿಸುತ್ತೇನೆ. 'ಹೊರೈಜನ್ ಫರ್ಬಿಡನ್ ವೆಸ್ಟ್' 2022ರದ್ದು. ಬಿಸಿಲು ಅಡ್ಡ ಬಿದ್ದಾಗ ಮುಖದ ಮೇಲಿನ ನವಿರಾದ ರೋಮ ಹೊಳೆಯುವಷ್ಟು ಚೆನ್ನಾಗಿ ಮಾಡಿದ್ದಾರೆ. ಆ ರೋಮ ಎಲ್ಲ ಹೆಂಗಸರ ಮುಖದ ಮೇಲೂ ಇರುತ್ತದೆ. ನಿಮ್ಮ ತಂಗಿ ಬೆಳಿಗ್ಗೆ ಕಿಟಕಿ ಪಕ್ಕ ಕೂತಾಗ ನೋಡಿ. ನೀವು ಇದೇ ಕೆಲಸ ಕಲಿಯುತ್ತಿದ್ದೀರಿ, ಅದನ್ನು ಮಾಡಲು ಎಷ್ಟು ಕಷ್ಟ ಅಂತ ನನಗಿಂತ ಜಾಸ್ತಿ ನಿಮಗೇ ಗೊತ್ತು.

ಕಂಪನಿಯವರು ಬೇಕಂತಲೇ ಮಾಡುತ್ತಾರೆ ಅಂದಿರಿ. ಬಹಳ ಕಾಲ ಅವರು ಬೇಕಂತಲೇ ಮಾಡಿದ್ದು ಇದರ ಉಲ್ಟಾ. 2014ರಲ್ಲಿ 'ಅಸ್ಸಾಸಿನ್ಸ್ ಕ್ರೀಡ್ ಯೂನಿಟಿ'ಯಲ್ಲಿ ನಾಲ್ಕು ಜನ ಒಟ್ಟಿಗೆ ಆಡಬಹುದಿತ್ತು, ಆದರೆ ನಾಲ್ವರೂ ಗಂಡಸರೇ. ಯಾಕೆ ಅಂತ ಕೇಳಿದ್ದಕ್ಕೆ ಯೂಬಿಸಾಫ್ಟ್‌ನವರು, ಹೆಣ್ಣು ಪಾತ್ರ ಸೇರಿಸಿದರೆ ಅನಿಮೇಶನ್, ಬಟ್ಟೆ ಎಲ್ಲದರ ಕೆಲಸ ಎರಡರಷ್ಟಾಗುತ್ತೆ ಅಂದರು. ಅದೇ ಸರಣಿಯ ಹಿಂದಿನ ಆಟದಲ್ಲಿ ಕೆಲಸ ಮಾಡಿದ್ದ ಅನಿಮೇಟರ್ ಜೊನಾಥನ್ ಕೂಪರ್, ಇದು ಒಂದೆರಡು ದಿನದ ಕೆಲಸ ಅಂತ ಬಹಿರಂಗವಾಗಿ ಹೇಳಿದರು. 2013ರ 'ರಿಮೆಂಬರ್ ಮಿ' ಮಾಡಿದ ಫ್ರಾನ್ಸಿನ ಡೋಂಟ್‌ನಾಡ್ ತಂಡಕ್ಕೆ, ಮುಖ್ಯ ಪಾತ್ರ ಹೆಣ್ಣಾದರೆ ಗೇಮ್ ಓಡಲ್ಲ ಅಂತ ಪ್ರಕಾಶಕರು ಬಾಗಿಲು ಹಾಕಿದ್ದರು.

ನಿಮಗೆ ಇದನ್ನೆಲ್ಲ ಇಷ್ಟು ಉದ್ದಕ್ಕೆ ಬರೆಯಲು ಕಾರಣ ಇದೆ. ನೀವು ಬರೀ ಆಡುವವರಲ್ಲ, ನಾಳೆ ಆ ಕುರ್ಚಿಯಲ್ಲಿ ಕೂರುವವರು. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಅನ್ನುವ ಗೇಮ್ ಕಂಪನಿ ಶುರುವಾಗಿತ್ತು, 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಗೇಮ್ ಮಾಡುವ ರಾಕ್‌ಸ್ಟಾರ್. ಐದನೇ ಜಿಟಿಎಯ ಮೂವರು ನಾಯಕರೂ ಗಂಡಸರು, ಆರನೆಯದರಲ್ಲಿ ಲುಸಿಯಾ ಅನ್ನುವ ಹೆಣ್ಣು ಮುಖ್ಯ ಪಾತ್ರ. ಇಂಥ ಪಾತ್ರಗಳ ಮೆಶ್ (ಮೈಯ ಆಕಾರ), ರಿಗ್ (ಅದನ್ನು ಅಲ್ಲಾಡಿಸುವ ಎಲುಬುಗೂಡು) ಮಾಡುವ ಕೆಲಸ ನಮ್ಮ ಊರಿನ ಹುಡುಗರ, ಹುಡುಗಿಯರ ಕೈಗೂ ಬರುತ್ತದೆ. ನಿಮ್ಮ ಕೈಗೂ ಬರಬಹುದು. ಆಗ ಅವಳ ಮೊಣಕಾಲು ಹೇಗಿರಬೇಕು ಅಂತ ಒಂದು ನಿಮಿಷ ಯೋಚಿಸುವವರು ನೀವಾಗಲಿ ಅನ್ನುವುದು ನನ್ನ ಆಸೆ.

ಮೈ ಮಾತ್ರ ಅಲ್ಲ, ಮನಸ್ಸನ್ನೂ ಹೀಗೇ ಕಟ್ಟಬಹುದು. ಕೇಂಬ್ರಿಜ್‌ನ ನಿಂಜಾ ಥಿಯರಿ 2017ರಲ್ಲಿ ತಂದ 'ಹೆಲ್‌ಬ್ಲೇಡ್' ಆಡಿದ್ದೀರಾ? ಅದರ ನಾಯಕಿ ಸೆನುವಾಗೆ ಕಿವಿಯಲ್ಲಿ ಯಾರ್‍ಯಾರದೋ ಮಾತು ಕೇಳಿಸುತ್ತದೆ. ಹೆಡ್‌ಫೋನ್ ಹಾಕಿದರೆ ಆ ಮಾತು ನಮ್ಮ ಹಿಂದೆ, ಎಡಕ್ಕೆ, ಕತ್ತಿನ ಹತ್ತಿರ ಕೇಳಿಸುತ್ತದೆ. ಮನೋವೈದ್ಯ ಪಾಲ್ ಫ್ಲೆಚರ್ ಅವರನ್ನೂ, ಅಂಥ ಅನುಭವ ಇರುವವರನ್ನೂ ಕೂರಿಸಿಕೊಂಡು ಕೇಳಿ ಮಾಡಿದ್ದು. ಸೆನುವಾ ಆಗಿ ನಟಿಸಿದ ಮೆಲಿನಾ ಯುರ್ಗೆನ್ಸ್ ಆಗ ಅದೇ ಕಂಪನಿಯ ವಿಡಿಯೋ ಎಡಿಟರ್ ಆಗಿದ್ದರು. ನಟಿ ಸಿಗುವವರೆಗೆ ಟೆಸ್ಟ್ ಮಾಡಲು ನಿಂತವರು ಕಡೆಗೆ ಅವರೇ ಉಳಿದರು, 2018ರಲ್ಲಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯೂ ಬಂತು.

ಇಷ್ಟೆಲ್ಲ ಹೇಳಿದ ಮೇಲೂ, ನಾನು ಆಡಿದ ಗೇಮ್‌ಗಳಲ್ಲಿ ಅತ್ಯಂತ ನಿಜ ಅನ್ನಿಸಿದ ಹೆಣ್ಣು ಯಾರು ಅಂತ ಕೇಳಿದರೆ, ಅವಳ ಮುಖ ನಾನು ನೋಡಿಯೇ ಇಲ್ಲ. ಆಸ್ಟ್ರೇಲಿಯಾದ ವಿಚ್ ಬೀಮ್ 2021ರಲ್ಲಿ ತಂದ 'ಅನ್‌ಪ್ಯಾಕಿಂಗ್'. ಕೆಲಸ ಒಂದೇ, ಮನೆ ಬದಲಿಸಿದಾಗ ರಟ್ಟಿನ ಡಬ್ಬ ಬಿಚ್ಚಿ ಸಾಮಾನು ಜೋಡಿಸುವುದು. 1997ರಲ್ಲಿ ಅವಳ ಬಾಲ್ಯದ ಕೋಣೆಯಿಂದ ಶುರು, 2018ರವರೆಗೆ. 2010ರಲ್ಲಿ ಅವಳು ಗೆಳೆಯನ ಮನೆಗೆ ಹೋಗುತ್ತಾಳೆ. ಅಲ್ಲಿ ಎಲ್ಲ ಕಡೆ ಅವನ ಸಾಮಾನೇ. ಇವಳ ಬಟ್ಟೆಗೆ ಒಂದಿಷ್ಟು ಜಾಗ ಮಾಡಿದೆ, ಪಾತ್ರೆ ಹೇಗೋ ತುರುಕಿದೆ. ಆಮೇಲೆ ಡಬ್ಬದಿಂದ ಅವಳ ಡಿಗ್ರಿ ಸರ್ಟಿಫಿಕೇಟ್ ಬಂತು, ಫ್ರೇಮ್ ಹಾಕಿದ್ದು. ಗೋಡೆಗೆ ತೂಗುಹಾಕಲು ಹೋದೆ, ಜಾಗ ಇಲ್ಲ. ಹಾಲ್‌ನಲ್ಲಿ ಇಲ್ಲ, ಅಡುಗೆಮನೆಯಲ್ಲಿ ಇಲ್ಲ. ಹತ್ತು ನಿಮಿಷ ಒದ್ದಾಡಿದ ಮೇಲೆ ಗೊತ್ತಾಯಿತು, ಅದಕ್ಕೆ ಇರುವುದು ಒಂದೇ ಜಾಗ, ಮಂಚದ ಅಡಿ. ಅಲ್ಲಿಗೆ ತಳ್ಳುವಾಗ ನನ್ನ ಕೈ ನಿಂತುಬಿಟ್ಟಿತು. ನಮ್ಮ ಅಕ್ಕನ ಬಿಎಸ್ಸಿ ಸರ್ಟಿಫಿಕೇಟು ಅವಳ ಗಂಡನ ಮನೆಯ ಅಟ್ಟದ ಮೇಲೆ, ಮದುವೆ ಸೀರೆಯ ಟ್ರಂಕಿನ ತಳದಲ್ಲಿ, ಪ್ಲಾಸ್ಟಿಕ್ ಕವರ್‌ನಲ್ಲಿ ಇದೆ. ತೋಳು, ಜಡೆ, ಕವಚ ಯಾವುದನ್ನೂ ತೋರಿಸದ ಈ ಗೇಮ್‌ಗೆ ಅಕ್ಕನ ವಿಷಯ ಹೇಗೆ ಗೊತ್ತಾಯಿತು ಅಂತ ತುಂಬ ಹೊತ್ತು ಕೂತಿದ್ದೆ.

ಈಗ ನಿಮ್ಮ ತಂಗಿ. ಅವಳಿಗೆ ಹೆಣ್ಣು ಪಾತ್ರ ಬೇಡ ಅಂತ ನೀವು ಅಂದುಕೊಂಡಿದ್ದೀರಿ. ನನಗನ್ನಿಸುವುದು, ಪರದೆಯ ಮೇಲೆ ಕೊಟ್ಟಿರುವ ಆ ಹೆಣ್ಣು ಅವಳಿಗೆ ಬೇಡ. ಆ ಬಟ್ಟೆಯಲ್ಲಿ, ಮನೆಯವರು ಓಡಾಡುವ ಹಾಲ್‌ನಲ್ಲಿ ಕೂತು ಆಡುವುದು ಹದಿನೇಳರ ಹುಡುಗಿಗೆ ಮುಜುಗರ ಆಗಬಹುದು. ಇನ್ನೊಂದು ಕಾರಣವೂ ಇರಬಹುದು. ನಮ್ಮ ಆಫೀಸಿನ ಇಬ್ಬರು ಹುಡುಗಿಯರು ಮೊಬೈಲ್‌ನಲ್ಲಿ ಗಂಡು ಹೆಸರು, ಗಂಡು ಪಾತ್ರ ಇಟ್ಟುಕೊಂಡು, ಮೈಕ್ ಆಫ್ ಮಾಡಿಯೇ ಆಡುತ್ತಾರೆ. ಹುಡುಗಿ ದನಿ ಕೇಳಿದರೆ ಸಾಕು, ಆಟ ಬಿಟ್ಟು ಬೇರೆ ಮಾತು ಶುರುವಾಗುತ್ತೆ ಅನ್ನುತ್ತಾರೆ. ನಿಮ್ಮ ತಂಗಿಗೆ ಯಾವ ಕಾರಣವೋ ನಾನು ಹೇಳುವುದು ಸರಿಯಲ್ಲ. ನೀವು ಅವಳನ್ನು ಕೇಳಿದ್ದೀರಾ? ನಿಮ್ಮ ನಾಲ್ಕು ಪುಟದಲ್ಲಿ ಅವಳು ಏನು ಆಡುತ್ತಾಳೆ ಅಂತ ಇದೆ, ಅವಳು ಏನು ಹೇಳಿದಳು ಅಂತ ಒಂದು ಸಾಲೂ ಇಲ್ಲ.

ಊರಿಗೆ ಹೋದಾಗ ಕೇಳಿ. ಹಾಗೇ 'ಅನ್‌ಪ್ಯಾಕಿಂಗ್' ಅವಳ ಕೈಗೆ ಕೊಡಿ, ಮಾತೇ ಜಾಸ್ತಿ ಇಲ್ಲದ ಗೇಮ್ ಅದು, ಇಂಗ್ಲಿಷ್ ಅಂತ ಹೆದರಬೇಕಿಲ್ಲ. ಪಕ್ಕದಲ್ಲಿ ಕೂತು ನೋಡಿ, ಏನೂ ಹೇಳಿಕೊಡಬೇಡಿ. ಆ ಸರ್ಟಿಫಿಕೇಟ್ ಹಿಡಿದುಕೊಂಡು ಅವಳು ಎಲ್ಲೆಲ್ಲಿ ಇಡಲು ನೋಡಿದಳು, ಏನಂದಳು ಅಂತ ನನಗೆ ಬರೆಯಿರಿ. ಅವಳೇ ಬರೆದರೆ ಇನ್ನೂ ಒಳ್ಳೆಯದು, ಮುಂದಿನ ತಿಂಗಳ ಈ ಪುಟ ಅವಳಿಗೆ ಬಿಟ್ಟುಕೊಡುತ್ತೇನೆ.

ನಿಮ್ಮ,
ಸಂಪಾದಕಿ