ಎಚ್‌ಎಂಟಿಯ ಕಣ್ಣಿಗೆ ಕ್ವಾರ್ಟ್ಜ್ ಬಿದ್ದಿರಲಿಲ್ಲವೆ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಎಚ್‌ಎಂಟಿ ಗಡಿಯಾರಗಳ ಬಗ್ಗೆ ನೀವು ಬರೆದದ್ದನ್ನು ಓದಿದೆ. ಕಣ್ಣೀರು ಸ್ವಲ್ಪ ಹೆಚ್ಚಾಯಿತು. ಅದು ಸರಕಾರಿ ಕಂಪನಿ, ಮುಳುಗಿತು. ಟೈಟಾನ್ ಖಾಸಗಿ, ಗೆದ್ದಿತು. ಇದರಲ್ಲಿ ನಮ್ಮಂಥವರು ಕಲಿಯುವುದೇನಿದೆ? ನಮ್ಮದು ಗದಗಿನಲ್ಲಿ ಅಜ್ಜನ ಕಾಲದ ಪ್ರೆಸ್. ಅಪ್ಪ ಅಚ್ಚುಮೊಳೆ ಮಾರಿ ಆಫ್‌ಸೆಟ್ ಹಾಕಿದರು. ಜಿಎಸ್‌ಟಿ ಬಂದ ಮೇಲೆ ಬಿಲ್ ಬುಕ್ ಕೇಳುವವರು ಕಡಿಮೆ. ಲಗ್ನಪತ್ರಿಕೆ ದೇವರ ಮುಂದಿಡಲು ನೂರು ಸಾಕು, ಉಳಿದದ್ದು ವಾಟ್ಸಾಪಿನಲ್ಲಿ. ಸ್ವೀಟ್ ಬಾಕ್ಸ್, ಬೇಕರಿ ಬಾಕ್ಸ್ ಕಡೆ ಹೊರಳೋಣ, ಸಾಲ ಮಾಡಿ, ರಟ್ಟನ್ನು ಬಾಕ್ಸಿನ ಆಕಾರಕ್ಕೆ ಕತ್ತರಿಸುವ ಡೈ ಕಟಿಂಗ್ ಮಷಿನ್ ತರೋಣ ಎಂದು ನಾನು. ‘ಇದ್ದದ್ದನ್ನ ನೆಟ್ಟಗ ಮಾಡು’ ಎಂದು ಅಪ್ಪ. ಹದಿನಾಲ್ಕು ಮಂದಿ ಕೆಲಸಗಾರರು ಇಬ್ಬರ ಮುಖ ನೋಡುತ್ತಿದ್ದಾರೆ. ಏನು ಮಾಡಲಿ? (ಹೆಸರು ಬೇಡ, ಗದಗ)

ಸಂಪಾದಕರ ಉತ್ತರ:

ಪ್ರಿಯರೆ,

ಕಣ್ಣೀರಿನ ಮಾತು ಹಾಗಿರಲಿ, ಮೊದಲು ಸರಕಾರಿ, ಖಾಸಗಿ ಎಂಬ ನಿಮ್ಮ ತಕರಾರು ನೋಡೋಣ. ಟೈಟಾನ್ 1984ರಲ್ಲಿ ಹುಟ್ಟಿದ್ದು ಟಾಟಾ ಮತ್ತು ತಮಿಳುನಾಡು ಸರಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ ಟಿಡ್ಕೋ ಕೈಜೋಡಿಸಿದ್ದರಿಂದ. ಇಂದಿಗೂ ಅದರ ಕಾಲು ಭಾಗಕ್ಕಿಂತ ಹೆಚ್ಚು ಷೇರು ಟಿಡ್ಕೋ ಬಳಿಯೇ ಇದೆ. ಸರಕಾರದ ಪಾಲು ಇದ್ದದ್ದೆಲ್ಲ ಮುಳುಗುವುದಾದರೆ ಹೊಸೂರಿನ ಟೈಟಾನ್ ಕಾರ್ಖಾನೆಗೆ ಎಂದೋ ಬೀಗ ಬೀಳಬೇಕಿತ್ತು.

ಖಾಸಗಿಯವರೇ ಮುಗ್ಗರಿಸಿದ ಕಥೆ ಬೇಕೆಂದರೆ ಸ್ವಿಟ್ಜರ್ಲೆಂಡ್ ಇದೆ. 1967ರಲ್ಲೇ ನ್ಯೂಶಾಟೆಲ್‌ನ ಸಂಶೋಧನಾ ಕೇಂದ್ರದಲ್ಲಿ ಸ್ವಿಸ್ ಎಂಜಿನಿಯರುಗಳು ಕ್ವಾರ್ಟ್ಜ್ ಕೈಗಡಿಯಾರದ, ಅಂದರೆ ಕೀಲಿ ಕೊಡದೆ ಸೆಲ್ಲಿನಿಂದ ಓಡುವ ವಾಚಿನ ಮಾದರಿ ಮಾಡಿಟ್ಟಿದ್ದರು. ಅಂಗಡಿಗೆ ಮೊದಲು ತಂದದ್ದು ಮಾತ್ರ ಜಪಾನಿನ ಸೈಕೋ, 1969ರ ಡಿಸೆಂಬರಿನಲ್ಲಿ. 1970ರಲ್ಲಿ ಸ್ವಿಸ್ ಗಡಿಯಾರ ಉದ್ಯಮದಲ್ಲಿ ಸುಮಾರು 90,000 ಜನ ದುಡಿಯುತ್ತಿದ್ದರು, ಎಂಬತ್ತರ ದಶಕದ ನಡುವಿಗೆ ಉಳಿದವರು 30,000ದ ಆಸುಪಾಸು. ಅಲ್ಲಿ ಯಾವ ಮಂತ್ರಿಯೂ ಫೈಲು ತಡೆದಿರಲಿಲ್ಲ.

ಸರಕಾರಿತನದ ಪಾಲೇ ಇಲ್ಲ ಎನ್ನುತ್ತಿಲ್ಲ. ಶ್ರೀನಗರ, ಉತ್ತರಾಖಂಡದ ರಾಣಿಬಾಗ್ ಎಂದು ಕಾರ್ಖಾನೆಗಳು ದೂರದೂರಕ್ಕೆ ಹರಡಿದಾಗ ಲೆಕ್ಕಾಚಾರ ಬರೀ ವ್ಯಾಪಾರದ್ದಾಗಿರಲಿಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಉಪಯೋಗಕ್ಕೆ ಬರುವ ಭಾಗವೇ ಕೈತಪ್ಪುತ್ತದೆ.

ಎಚ್‌ಎಂಟಿ ಬದಲಾಗಲು ಹೆದರುವ ಸಂಸ್ಥೆಯಾಗಿ ಶುರುವಾದದ್ದಲ್ಲ. 1953ರಲ್ಲಿ ಜಾಲಹಳ್ಳಿಯಲ್ಲಿ ಅದು ಹುಟ್ಟಿದ್ದು ಲೇತ್‌ನಂಥ ಯಂತ್ರಗಳನ್ನು ಮಾಡಲು. ಅಂಥ ಕಂಪನಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರಕ್ಕೆ ಇಳಿಯಿತು. 1971ರ ಹೊತ್ತಿಗೆ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್. 1978ರಲ್ಲಿ ತುಮಕೂರಿನಲ್ಲಿ ಗಡಿಯಾರದ ಇನ್ನೊಂದು ಕಾರ್ಖಾನೆ. ಇನ್ನು ಕ್ವಾರ್ಟ್ಜ್ ಅವರ ಕಣ್ಣಿಗೆ ಬಿದ್ದಿರಲಿಲ್ಲ ಎನ್ನುವುದು ಶುದ್ಧ ಸುಳ್ಳು. ಟೈಟಾನ್ ಅಂಗಡಿಗೆ ಬಂದದ್ದು 1987ರಲ್ಲಿ. ಅದಕ್ಕೂ ಮೊದಲೇ ಎಚ್‌ಎಂಟಿ ಕ್ವಾರ್ಟ್ಜ್ ವಾಚು ಮಾಡಿ ಮಾರಿತ್ತು.

ಹಾಗಾದರೆ ಎಡವಿದ್ದೆಲ್ಲಿ? ಎಚ್‌ಎಂಟಿಯ ಕೀಲಿ ಕೊಡುವ ‘ಜನತಾ’ ವಾಚಿನ ಹಿಂದಿನ ಮುಚ್ಚಳ ತೆಗೆದು ನೋಡಿ. ಅಚ್ಚು ಸವೆಯದಂತೆ ಕೂರಿಸಿದ ಹದಿನೇಳು ಜ್ಯುವೆಲ್ ಎಂಬ ಪುಟ್ಟ ಹರಳು, ಕೂದಲೆಳೆಯಂಥ ಸ್ಪ್ರಿಂಗು, ಸೆಕೆಂಡಿಗೆ ಐದು ಸಲ ಟಿಕ್ ಎನ್ನುವ ಬ್ಯಾಲೆನ್ಸ್ ಚಕ್ರ. ಇದನ್ನು ದಿನಕ್ಕೆ ಅರ್ಧ ನಿಮಿಷಕ್ಕಿಂತ ಹೆಚ್ಚು ಹಿಂದುಮುಂದಾಗದಂತೆ ಕೂರಿಸಲು ವರ್ಷಗಟ್ಟಲೆ ಪಳಗಿದ ಕೈ ಬೇಕು. ಎಚ್‌ಎಂಟಿಯ ಹೆಮ್ಮೆ, ತರಬೇತಿ, ಬಡ್ತಿ, ಕಾರ್ಖಾನೆಯ ಸಾಲುಸಾಲು ಯಂತ್ರ, ಎಲ್ಲವೂ ಆ ಕೈಯ ಸುತ್ತ ಕಟ್ಟಿದ್ದು. ಸೆಲ್ ವಾಚಿನಲ್ಲಿ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಚಿಪ್ ಅದನ್ನು ಅರ್ಧ, ಅರ್ಧದ ಅರ್ಧ ಎಂದು ಹದಿನೈದು ಸಲ ಇಳಿಸಿ, ಸೆಕೆಂಡಿಗೊಂದು ಮಿಡಿತ ಮಾಡಿ ಮುಳ್ಳಿಗೆ ಕೊಡುತ್ತದೆ. ತಿಂಗಳಿಗೆ ಹೆಚ್ಚೆಂದರೆ ಹದಿನೈದಿಪ್ಪತ್ತು ಸೆಕೆಂಡು ತಪ್ಪು. ಪಳಗಿದ ಕೈಗೆ ಅಲ್ಲಿ ಮಾಡಲು ಉಳಿಯುವುದು ಬಹಳ ಕಡಿಮೆ. ಇಂಥ ಸರಕನ್ನು ಯಾವ ಮೇಸ್ತ್ರಿ ಮನಸಾರೆ ಮಾಡುತ್ತಾನೆ ಹೇಳಿ.

ಸಾಲದ್ದಕ್ಕೆ ಹಳೆಯದು ಚೆನ್ನಾಗಿಯೇ ಓಡುತ್ತಿತ್ತು. ಮದುಮಗನಿಗೆ ‘ಕಾಂಚನ’ ವಾಚು ಬೇಕೆಂದರೆ ವಶೀಲಿ ಹಚ್ಚಬೇಕಿದ್ದ ಕಾಲ ಅದು, ಕಾಳಸಂತೆಯಲ್ಲಿ ಹೆಚ್ಚಿನ ಬೆಲೆ ಕೊಟ್ಟು ತಂದವರೂ ಇದ್ದಾರೆ. ಜನ ಸಾಲುಗಟ್ಟಿ ನಿಂತಾಗ ಕೌಂಟರಿನವರಿಗೆ ಮಾರುವ ಕೆಲಸ ಇರುವುದಿಲ್ಲ, ಹಂಚುವ ಕೆಲಸ ಮಾತ್ರ. ಗಿರಾಕಿ ಏನು ಕೇಳಿ, ಸಿಗದೆ ಹೊರಟುಹೋದ ಎನ್ನುವುದು ಅಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಹೀಗಾಗಿ ಕ್ವಾರ್ಟ್ಜ್ ಎಚ್‌ಎಂಟಿಯ ಪಟ್ಟಿಯಲ್ಲಿ ಇನ್ನೊಂದು ಮಾಡೆಲ್ ಆಯಿತು, ಅಷ್ಟೆ. ಹೊಸೂರಿನವರಿಗೆ ಅದೇ ಸರ್ವಸ್ವ. ಅವರ ಬಳಿ ಕಾಪಾಡಿಕೊಳ್ಳಲು ಹಳೆಯದು ಏನೂ ಇರಲಿಲ್ಲ. ಎಚ್‌ಎಂಟಿಯಲ್ಲೇ ಪಳಗಿದ ಕೆಲವು ತಂತ್ರಜ್ಞರು ಅಲ್ಲಿಗೆ ಹೋಗಿ ಸೇರಿದರು ಎನ್ನುವುದು ನನ್ನನ್ನು ಹೆಚ್ಚು ಕಾಡುವ ಸಂಗತಿ. ಅದೇ ಜನ, ಅದೇ ವಿದ್ಯೆ, ಬೆಂಗಳೂರಿನಿಂದ ನಲವತ್ತು ಚಿಲ್ಲರೆ ಕಿಲೋಮೀಟರ್ ಆಚೆ.

2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು.

ಟೈಟಾನಿನವರನ್ನು ಪಲ್ಲಕ್ಕಿಯಲ್ಲಿ ಕೂರಿಸುವುದೂ ಬೇಡ. ತೊಂಬತ್ತರ ದಶಕದ ನಡುವೆ ತನಿಷ್ಕ್ ಎಂಬ ಒಡವೆ ವ್ಯಾಪಾರ ಶುರುಮಾಡಿದಾಗ ಅವರು ತಂದದ್ದು 18 ಕ್ಯಾರಟ್ ಚಿನ್ನ. ವಿದೇಶದಲ್ಲಿ ಹರಳು ಕೂರಿಸಲು ಅದೇ ಗಟ್ಟಿ ಎಂಬ ಲೆಕ್ಕ. ನಮ್ಮ ಹೆಂಗಸರು ಒಂದು ಸಲ ಕೈಯಲ್ಲಿ ಹಿಡಿದು ನೋಡಿ ವಾಪಸ್ ಇಟ್ಟರು. ಅಡವಿಟ್ಟರೆ ಎಷ್ಟು ಹುಟ್ಟೀತು ಎಂಬ ಯೋಚನೆ ಇಲ್ಲದೆ ಬಳೆ ಕೊಳ್ಳುವವರು ನಮ್ಮಲ್ಲಿ ಯಾರಿದ್ದಾರೆ? ಕೆಲವು ವರ್ಷ ನಷ್ಟ ಉಂಡ ಮೇಲೆ ಕಂಪನಿ 22 ಕ್ಯಾರಟ್‌ಗೆ ಬಂತು. ಆಮೇಲೆ ಅಂಗಡಿಯಲ್ಲಿ ಕ್ಯಾರಟ್‌ಮೀಟರ್ ಎಂಬ ಯಂತ್ರ ಇಟ್ಟು, ನಿಮ್ಮ ಮನೆಯ ಒಡವೆ ತಂದು ಪರೀಕ್ಷಿಸಿಕೊಳ್ಳಿ ಎಂದಿತು. ಇಪ್ಪತ್ತೆರಡೆಂದು ನಂಬಿಕೊಂಡು ಬಂದವರು ಎಷ್ಟೋ ಜನ ಕಡಿಮೆ ಅಂಕೆ ನೋಡಿ ದಂಗಾದರು. ಇವತ್ತು ಗಡಿಯಾರದ ಕಂಪನಿ ಎನ್ನಿಸಿಕೊಂಡ ಟೈಟಾನಿನ ಆದಾಯದ ಬಹುಪಾಲು ಒಡವೆಯಿಂದಲೇ ಬರುತ್ತದೆ. ಮೊದಲ ಅಂದಾಜು ಸರಿಯಿತ್ತು ಎಂದು ಗೆದ್ದವರಲ್ಲ ಅವರು. ಕೌಂಟರಿನಲ್ಲಿ ಹೇಳಿದ್ದು ಮೇಲಿನವರೆಗೆ ತಲುಪಿತು, ತಲುಪಿದ ಮೇಲೆ ಸರಕು ಬದಲಾಯಿತು.

ಈಗ ನಿಮ್ಮ ಪ್ರೆಸ್ಸಿಗೆ ಬರೋಣ.

ಅಪ್ಪನವರನ್ನು ಎದುರಾಳಿ ಮಾಡಿಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಒಂದು ಉದ್ಯೋಗವನ್ನು ಬುಡಸಮೇತ ಬದಲಾಯಿಸಿದ ಒಬ್ಬರೇ ಒಬ್ಬರು ಅವರು. ನೂರಾರು ಖಾನೆಯ ಕೇಸಿನಲ್ಲಿ ಯಾವ ಒತ್ತಕ್ಷರ ಎಲ್ಲಿದೆ ಎಂದು ಕಣ್ಮುಚ್ಚಿ ಹೇಳುತ್ತಿದ್ದ ಕಂಪೋಜಿಟರುಗಳಿದ್ದ ಪ್ರೆಸ್ಸನ್ನು ಅವರು ಆಫ್‌ಸೆಟ್‌ಗೆ ತಂದರು. ಆ ಕಂಪೋಜಿಟರುಗಳು ಆಮೇಲೆ ಏನಾದರು? ಯಾರು ಡಿಟಿಪಿ ಕಲಿತರು, ಯಾರು ಮನೆಗೆ ಹೋದರು, ಮೊದಲ ವರ್ಷ ದುಡ್ಡು ಎಲ್ಲಿಂದ ಬಂತು? ಒಂದು ಸಂಜೆ ಕೂತು ಇದನ್ನೆಲ್ಲ ಕೇಳಿ. ನಾನು ಕೊಡುವ ಉತ್ತರಕ್ಕಿಂತ ಆ ಉತ್ತರಕ್ಕೆ ತೂಕ ಹೆಚ್ಚು.

ಅವರ ಹೆದರಿಕೆಯಲ್ಲಿ ಹುರುಳೂ ಇದೆ ಎಂದು ನನಗೆ ಅನ್ನಿಸುತ್ತದೆ. ಲಗ್ನಪತ್ರಿಕೆಯವರು ಮುಂಗಡ ಕೊಟ್ಟು ಹೋಗುತ್ತಾರೆ, ಬಾಕಿ ಕೊಟ್ಟೇ ಕಟ್ಟು ಒಯ್ಯುತ್ತಾರೆ. ಬೇಕರಿಯವರು ಉದ್ರಿ ಹೇಳುತ್ತಾರೆ. ಅತ್ತ ಬಾಕ್ಸಿನ ಬೋರ್ಡಿನ (ರಟ್ಟಿನ) ದುಡ್ಡು ನೀವು ಮೊದಲೇ ಕಟ್ಟಿರುತ್ತೀರಿ, ಮೇಲೆ ಬ್ಯಾಂಕಿನ ಕಂತು. ಕೆಲಸ ತುಂಬಿ ತುಳುಕುವಾಗಲೇ ಕೈಯಲ್ಲಿ ಕಾಸಿಲ್ಲದೆ ಪ್ರೆಸ್ಸುಗಳು ನಿಲ್ಲುವುದುಂಟು.

ಹಾಗಾಗಿ ಮಷಿನ್ ಮೊದಲು ತರಬೇಡಿ. ನಿಮ್ಮ ಈಗಿನ ಆಫ್‌ಸೆಟ್ 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಬೋರ್ಡನ್ನು ಸಲೀಸಾಗಿ ಎಳೆಯುತ್ತದೆಯೇ ನೋಡಿ. ಎಳೆದರೆ ಛಾಪಿಸುವುದು ನಿಮ್ಮಲ್ಲಿ, ಡೈ ಕಟಿಂಗ್ ಹುಬ್ಬಳ್ಳಿಯಲ್ಲಿ ಜಾಬ್ ವರ್ಕ್‌ಗೆ ಕೊಟ್ಟು ಒಂದು ದೀಪಾವಳಿ ದಾಟಿಸಿ. ಲಾಭ ಕಡಿಮೆ ಬರುತ್ತದೆ, ಬರಲಿ. ಆ ಸೀಜನ್ನಿನಲ್ಲಿ ಸಂಜೆ ಒಂದು ಸ್ವೀಟ್ ಅಂಗಡಿಯ ಕೌಂಟರಿನ ಪಕ್ಕ ನಿಂತುಕೊಳ್ಳಿ. ಗಿರಾಕಿ ಮುಗಿಬಿದ್ದಾಗ ಹುಡುಗ ನಿಮ್ಮ ಬಾಕ್ಸನ್ನು ಒಂದೇ ಏಟಿಗೆ ಮಡಚುತ್ತಾನೋ, ಬೈದುಕೊಂಡು ಮಡಚುತ್ತಾನೋ? ಮೈಸೂರು ಪಾಕಿನ ತುಪ್ಪ ತಳದಲ್ಲಿ ಇಳಿದು ಕಲೆ ಕಟ್ಟುತ್ತದೋ? ನೀವು ರಾತ್ರಿಯೆಲ್ಲ ಕೂತು ಕೂರಿಸಿದ ಬಣ್ಣವನ್ನು ಅಂಗಡಿಯವನು ನೋಡುವುದೂ ಇಲ್ಲ, ಹೇಳಿದ ದಿನ ಮಾಲು ಬಂತೋ ಇಲ್ಲವೋ ಎಂದಷ್ಟೇ ನೋಡುತ್ತಾನೆ ಎಂದು ಗೊತ್ತಾದರೆ ಆಶ್ಚರ್ಯಪಡಬೇಡಿ.

ಬಾಕ್ಸಿನ ಕೆಲಸಕ್ಕೆ ಹೊಸ ಹುಡುಗರನ್ನು ಬಿಡಬೇಡಿ. ನಿಮ್ಮಲ್ಲಿ ಅತ್ಯಂತ ಒಳ್ಳೆಯ ಮಷಿನ್‌ಮನ್ ಯಾರೋ ಅವರನ್ನೇ ಹಾಕಿ, ಅದೂ ಲಗ್ನದ ಸೀಜನ್ನಿನಲ್ಲಿ. ಮನಸ್ಸು ಒಪ್ಪುವುದಿಲ್ಲ, ಗೊತ್ತು. ಆದರೆ ನುರಿತವರೆಲ್ಲ ಹಳೆಯದರಲ್ಲಿ, ಕಲಿಯುವವರೆಲ್ಲ ಹೊಸದರಲ್ಲಿ ಎಂದು ಹಂಚಿದರೆ ಬಾಕ್ಸು ಕೆಟ್ಟದಾಗಿಯೇ ಬರುತ್ತದೆ, ‘ನಾ ಹೇಳಿದ್ದೆ’ ಎನ್ನಲು ಅಪ್ಪನವರಿಗೆ ಹೆಚ್ಚು ಕಾಯಬೇಕಾಗುವುದಿಲ್ಲ. ಬಿಲ್ ಬುಕ್ಕಿನ ಕೆಲಸವನ್ನು ಮಾತ್ರ ಈ ವರ್ಷವೇ ಬಿಟ್ಟುಕೊಡಿ, ಪಕ್ಕದ ಸಣ್ಣ ಪ್ರೆಸ್ಸಿನವರು ಮಾಡಿಕೊಳ್ಳಲಿ. ಅದಕ್ಕೆ ಹೋಗುವ ಹೊತ್ತಿನಲ್ಲೇ ಬಾಕ್ಸಿನ ಜಾಗ ಹುಟ್ಟಬೇಕು.

ಕೆಲಸಗಾರರಿಗೆ ಏನು ಹೇಳುವುದು? ಮಷಿನ್ ಬುಕ್ ಮಾಡಿದ ಮೇಲೆ ಹೇಳುವುದಲ್ಲ, ಜಾಬ್ ವರ್ಕ್ ಶುರುಮಾಡುವ ಮೊದಲೇ ಹೇಳಿ. ಹದಿನಾಲ್ಕು ಮಂದಿಯಲ್ಲಿ ಬೈಂಡಿಂಗಿನವರನ್ನು ಮೊದಲು ಕರೆಯಿರಿ. ಮಡಚುವುದು, ಅಂಟಿಸುವುದು, ಲೆಕ್ಕ ಮಾಡಿ ಕಟ್ಟು ಕಟ್ಟುವುದು ಅವರಿಗೆ ಹೊಸದಲ್ಲ, ಬಾಕ್ಸಿನಲ್ಲಿ ಅವರ ಕೆಲಸ ಹೆಚ್ಚೇ ಆಗುತ್ತದೆ. ತೊಂದರೆ ಇರುವುದು ಲಗ್ನಪತ್ರಿಕೆಯ ಡಿಸೈನ್ ಮಾಡುವವರದು. ಅವರಿಗೆ ಬಾಕ್ಸಿನ ಡೈಲೈನ್, ಅಂದರೆ ಕತ್ತರಿಸುವ, ಮಡಚುವ ಗೆರೆಗಳ ನಕ್ಷೆ, ಹಾಕುವುದನ್ನು ಕಲಿಯಲು ಈಗಲೇ ಹಚ್ಚಿ, ಆ ತಿಂಗಳುಗಳ ಸಂಬಳ ಹಿಡಿಯಬೇಡಿ.

ಅಪ್ಪನವರಿಗೆ ಈ ಉತ್ತರ ಓದಿ ಹೇಳಿ. ಅವರ ತಕರಾರಿದ್ದರೆ ಬರೆದು ಕಳಿಸಲಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ